ಅವನ ಹೆಜ್ಜೆಗೆ ತೊದಲಿದ ಹಾಡು

"ಸರಿಯಾಗಿ ನಡೀರಿ ಸಾರ್! ಆಟ ಆಡ್ಬೇಡಿ!"

ಅವಳ ದನಿ ಮೈಕಿನಲ್ಲಿ ಗದರಿತು. ಗಾಜಿನ ಗೋಡೆಯ ಆಚೆ ಟ್ರೆಡ್‌ಮಿಲ್ ಮೇಲೆ ನಡೆಯುತ್ತಿದ್ದವನು ಬೆಚ್ಚಿ, ಪಕ್ಕದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅವಳು ತಲೆ ಎತ್ತಿಯೂ ನೋಡಲಿಲ್ಲ. ಕಣ್ಣೆಲ್ಲ ಎದುರಿನ ಪರದೆಯ ಮೇಲೆ. ಅಲ್ಲಿ ಒಂದೊಂದು ಹೆಜ್ಜೆಗೂ ಹಸಿರು ಗೆರೆ ಒಂದೊಂದು ಸಲ ಜಿಗಿಯಬೇಕು. ಬೆಳಿಗ್ಗೆಯಿಂದ ಬಂದವರೆಲ್ಲರದ್ದೂ ಒಂದೇ ಸಮನೆ ಜಿಗಿದಿತ್ತು. ಈ ಮಹಾನುಭಾವನದ್ದು ಮಾತ್ರ ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ...

'ಬೇಕಂತಲೇ ಕುಣೀತಿದ್ದಾನೆ! ಇಂಥವರೆಲ್ಲ ಯಾಕಾದ್ರೂ ಬರ್ತಾರೋ...'

"ಸಾರ್, ನಿಮಗೇ ಹೇಳ್ತಿರೋದು! ಎರಡೂ ಕಾಲು ಒಂದೇ ಥರ ಇಡಿ!"

ಟ್ರೆಡ್‌ಮಿಲ್ ನಿಂತ ಸದ್ದಾಯಿತು. ಆಮೇಲೆ ಅವನ ದನಿ. ಅದರಲ್ಲಿ ಕೋಪವೇ ಇರಲಿಲ್ಲ.

"ಎರಡೂ ಕಾಲು ಒಂದೇ ಥರ ಇಡೋಕೆ ಬಂದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ಮೇಡಂ?"

ಅವಳು ತಲೆ ಎತ್ತಿದಳು.

ಎತ್ತರದ ಆಳು. ಮೊಣಕಾಲಿಗಿಂತ ಮೇಲಿನ ಚಡ್ಡಿ. ಎಡ ಮಂಡಿಯ ಮೇಲಿಂದ ಕೆಳಗಿನವರೆಗೂ ಉದ್ದನೆಯ ಹೊಲಿಗೆಯ ಗುರುತು. ಆ ಕಾಲು ಪೂರ್ತಿ ಮಡಚುತ್ತಲೇ ಇರಲಿಲ್ಲ.

"ಅಯ್ಯೋ!"

ಮೈಕ್ ಇನ್ನೂ ಆನ್ ಇತ್ತು ನೋಡಿ... ಆ "ಅಯ್ಯೋ" ಕೂಡ ಕೋಣೆ ತುಂಬ ಮೊಳಗಿತು! ಅವಳ ಮುಖ ಕಿವಿಯವರೆಗೂ ಕೆಂಪಾಯಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

ಓಡಿಹೋಗಿ ಬಾಗಿಲು ತೆಗೆದಳು. "ಸಾರ್... ಸಾರಿ... ನಾನು ನೋಡ್ಲಿಲ್ಲ. ನಾನು ಬರೀ ಗೆರೆ ನೋಡ್ತಿದ್ದೆ..."

"ಪರವಾಗಿಲ್ಲ ಬಿಡಿ. ಗೆರೆ ಹೇಗಿದೆ? ಚೆನ್ನಾಗಿದೆಯಾ?"

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಕಾಲಿಗೆ... ಏನಾಯ್ತು?"

"ನಾನು ದನದ ಡಾಕ್ಟರು. ಹೆರಿಗೆ ಮಾಡಿಸೋಕೆ ಹೋಗಿದ್ದೆ, ಹಸು ಝಾಡಿಸಿ ಒದ್ದುಬಿಡ್ತು. ಹಸು ಆರಾಮಾಗಿದೆ. ಕರುನೂ ಆರಾಮಾಗಿದೆ. ನಾನೊಬ್ಬ ಹೀಗಿದ್ದೀನಿ."

ಅವಳು ನಕ್ಕಳು. ತಡೆಯಲಾರದೆ, ಬಾಯಿ ಮುಚ್ಚಿಕೊಂಡು ನಕ್ಕಳು. ಅವನು ಆ ನಗುವನ್ನು ನೋಡುತ್ತಾ ಒಂದು ಕ್ಷಣ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುವುದನ್ನೇ ಮರೆತ. ಅದನ್ನು ಅವಳು ಗಮನಿಸಲಿಲ್ಲ.

* * *

ಅವಳು ಮಾಡುತ್ತಿದ್ದದ್ದು ವ್ಯಾಯಾಮಕ್ಕೆಂದೇ ಒಂದು ಮ್ಯೂಸಿಕ್ ಪ್ಲೇಯರ್. ಬೆಂಕಿಪೊಟ್ಟಣದಷ್ಟು ಚಿಕ್ಕದು. ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಸಾಕು, ಅದು ಹೆಜ್ಜೆಯನ್ನು ಗುರುತಿಸಿ ಹಾಡಿನ ವೇಗವನ್ನು ಹೆಜ್ಜೆಗೇ ಹೊಂದಿಸುತ್ತದೆ. ನೀವು ಬಿರಬಿರನೆ ನಡೆದರೆ ಹಾಡೂ ಬಿರಬಿರನೆ ಬರುತ್ತದೆ. ನೀವು ನಿಂತರೆ ಹಾಡೂ ನಿಂತು ಕಾಯುತ್ತದೆ.

ಇದನ್ನು ಮಾಡಬೇಕೆಂಬ ಹುಚ್ಚು ಅವಳಿಗೆ ಹಿಡಿದದ್ದಕ್ಕೆ ಕಾರಣವಿತ್ತು. ಆ ಕಾರಣವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆ ಮೊದಲ ದಿನ ಆಫೀಸಿಗೆ ಕರೆಸಿದವರಿಗೆಲ್ಲ ಬರೀ ಹೆಜ್ಜೆ ಓದುವ ಪರೀಕ್ಷೆ; ನಡೆಯಲು ಜೊತೆಗೊಂದು ಹಾಡು ಸಿಗಲಿ ಎಂದು ಅವನೂ ಬಂದಿದ್ದ. ಹಾಡು ಹಾಕಿರಲಿಲ್ಲ. ಅವನು ಹೋದ ಮೇಲೆ ಅವಳು ಅವನ ಹೆಜ್ಜೆಗಳನ್ನು ಒಂದು ಹಾಡಿನ ಜೊತೆ ಸೇರಿಸಿ ಕೇಳಿದಳು. ಅವನೇ ಇಷ್ಟ ಎಂದು ಹೇಳಿದ್ದ ಹಾಡು. ನದಿ ದಾಟುವ ದೋಣಿಯವನು ಹಾಡಿಕೊಳ್ಳುವಂಥ ನಿಧಾನದ ಹಾಡು.

ಕೇಳಿದವಳು ಇಯರ್‌ಫೋನ್ ಕಿತ್ತಿಟ್ಟಳು.

ಒಂದು ಕಾಲಿಗೆ ಹಾಡು ಓಡುತ್ತಿತ್ತು, ಇನ್ನೊಂದು ಕಾಲಿಗೆ ಮುಗ್ಗರಿಸುತ್ತಿತ್ತು. ದೋಣಿಯವನು ತೊದಲುತ್ತಿದ್ದ, ಬಿಕ್ಕುತ್ತಿದ್ದ. ಮಷೀನಿಗೆ ಅವನ ಕಾಲು ಅರ್ಥವೇ ಆಗಿರಲಿಲ್ಲ!

'ಇದನ್ನ ಅವರ ಕಿವಿಗೆ ಹೇಗೆ ಹಾಕಲಿ? ಪಾಪ... ನಡೆಯೋದನ್ನೇ ಬಿಟ್ಟುಬಿಡ್ತಾರೆ.'

ಅಲ್ಲೇ ಅವಳು ಎಡವಿದ್ದು. ಅವನಿಗೆಂದು ಕೊಟ್ಟ ಪ್ಲೇಯರ್‌ನಲ್ಲಿ ಹಾಡಿನ ವೇಗವನ್ನು ಒಂದೇ ಸಮನೆ ಇರುವಂತೆ ಕಟ್ಟಿಹಾಕಿದಳು. ಅವನು ಹೇಗೇ ನಡೆದರೂ ಹಾಡು ತನ್ನ ಪಾಡಿಗೆ ತಾನು ಸಾಗುತ್ತಿತ್ತು. ಒಳಗೊಳಗೇ ಅದು ಅವನ ನಿಜವಾದ ಹೆಜ್ಜೆಗಳನ್ನೂ, ಆ ಹೆಜ್ಜೆಗೆ ತೊದಲುವ ಹಾಡನ್ನೂ ತುಂಬಿಕೊಳ್ಳುತ್ತಿತ್ತು. ಸರಿಪಡಿಸುವವರೆಗೆ ಮಾತ್ರ, ನಾಲ್ಕು ದಿನದ ಮಾತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ಬೆಳಿಗ್ಗೆ ಅವನ ಮನೆ ಹತ್ತಿರದ ಪಾರ್ಕು. ಒಂದು ಇಯರ್‌ಫೋನ್ ಅವನ ಕಿವಿಯಲ್ಲಿ, ಇನ್ನೊಂದು ಅವಳ ಕಿವಿಯಲ್ಲಿ. ತಂತಿ ಉದ್ದವಿರಲಿಲ್ಲ, ಹಾಗಾಗಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಡೆಯಬೇಕಿತ್ತು. ಕೆಲಸ ಅಂದರೆ ಕೆಲಸ, ಅಲ್ವಾ?

"ಮೇಡಂ! ಇದು ನಿಜವಾಗ್ಲೂ ನನ್ನ ಕಾಲಿಗೇ ಹಾಡ್ತಿದೆಯಾ?"

"ಹೂಂ..." ಅವಳು ನೆಲ ನೋಡಿದಳು.

"ಅಬ್ಬಾ! ಹಾಗಾದ್ರೆ ನಾನು ಅಷ್ಟೇನೂ ಕೆಟ್ಟದಾಗಿ ನಡೀತಿಲ್ಲ ಅಂತಾಯ್ತು!"

ಅವನ ಮುಖದಲ್ಲಿ ಅಂಥ ಖುಷಿ. ಆ ಖುಷಿಯನ್ನು ಕಸಿದುಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ.

ನಾಲ್ಕು ದಿನ ಹೋಯಿತು, ವಾರಗಳೂ ಹೋದವು. ಅವನ ಕಾಲು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಮಡಚತೊಡಗಿತು. ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದರಂತೆ, ದಿನಾ ನಡೆದರೆ ಮಂಡಿ ಸಡಿಲವಾಗುತ್ತದೆ, ಬಿಟ್ಟರೆ ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು. ಅವಳು ಆಫೀಸಿನಲ್ಲಿ ತಲೆ ಕೆರೆದುಕೊಂಡು ಕೂತರೂ ಮಷೀನು ಮಾತ್ರ ಸರಿಹೋಗಲಿಲ್ಲ. ಬೆಳಗಾದರೆ ಅವನ ಪಕ್ಕ ನಡೆಯುವ ಆಸೆಗೆ ಅವಳೂ ಆ ಮಾತನ್ನು ಎತ್ತಲಿಲ್ಲ. ಹೌದು, ಅದೂ ಇತ್ತು.

ಒಂದು ದಿನ ಅವನು ಶೂ ಲೇಸ್ ಕಟ್ಟಿಕೊಳ್ಳಲು ಬೆಂಚಿನ ಮೇಲೆ ಕೂತ. ಹಾಡು ನಿಲ್ಲಲಿಲ್ಲ. ದೋಣಿಯವನು ಹಾಯಾಗಿ ಹುಟ್ಟು ಹಾಕುತ್ತಲೇ ಇದ್ದ.

ಅವಳು ತಟ್ಟನೆ ಅಂದಳು. "ಅದು... ನೀವು ಬಗ್ಗಿದ್ದನ್ನೂ ಹೆಜ್ಜೆ ಅಂದ್ಕೊಂಡಿರ್ಬೇಕು..."

"ಇರಬಹುದು, ಇರಬಹುದು. ಪಾಪ, ಒಳ್ಳೆ ಮಷೀನು," ಎಂದು ಅವನು ಲೇಸಿನ ಗಂಟು ಬಿಗಿದ. ಅವಳು ನಿಟ್ಟುಸಿರುಬಿಟ್ಟಳು. ನಂಬಿದ ಎಂದುಕೊಂಡಳು.

ಅದೇ ಬೆಂಚಿನ ಮೇಲೆ, ಯಾರಿಗೂ ಹೇಳದ ಆ ಕಾರಣವನ್ನು ಅವಳು ಅವನಿಗೆ ಹೇಳಿದ್ದು.

"ಸ್ಕೂಲಲ್ಲಿ ನಾನು ತುಂಬಾ ದಪ್ಪ ಇದ್ದೆ. ಓಟದ ದಿನ ನಾನು ಒಂದೊಂದು ಹೆಜ್ಜೆ ಇಟ್ಟ ಹಾಗೂ ಪೀಟಿ ಮೇಷ್ಟ್ರು ಪೀಪಿ ಊದಿದ್ರು. ಪೀಂ... ಪೀಂ... ಅಂತ. ಎಲ್ಲರೂ ಅದಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿ ನಕ್ಕಿದ್ರು. ಅವತ್ತಿಂದ ಯಾರ ಮುಂದೆನೂ ಓಡಿಲ್ಲ ನಾನು. ಕಿವಿ ತುಂಬ ಹಾಡಿದ್ದಿದ್ರೆ... ನನ್ನದೇ ಹೆಜ್ಜೆಗೆ ಒಂದು ಒಳ್ಳೆ ಹಾಡಿದ್ದಿದ್ರೆ, ಆ ನಗು ಕೇಳ್ತಿರಲಿಲ್ಲ ಅಲ್ವಾ?"

ಅವನು ಕಿವಿಯಿಂದ ಇಯರ್‌ಫೋನ್ ತೆಗೆದ. ಆಮೇಲೆ ಗಂಭೀರವಾಗಿ ಕೇಳಿದ.

"ಆ ಮೇಷ್ಟ್ರು ಈಗ ಎಲ್ಲಿದ್ದಾರೆ?"

"ಯಾಕೆ?"

"ಎಮ್ಮೆಗೆ ಹಾಕೋ ಇಂಜೆಕ್ಷನ್ ಒಂದಿದೆ. ಸೂಜಿ ಇಷ್ಟುದ್ದ. ಸುಮ್ನೆ ಒಂದು ಸಲ ಭೇಟಿ ಆಗಿ ಬರ್ತೀನಿ."

ಅವಳು ಕಣ್ಣೀರಿನ ನಡುವೆಯೇ ಬಿದ್ದು ಬಿದ್ದು ನಕ್ಕಳು. 'ಇವರ ಜೊತೆ ಜೀವನ ಪೂರ್ತಿ ಹೀಗೇ ನಡೀಬಹುದು' ಎಂದು ಮನಸ್ಸು ಪಿಸುಗುಟ್ಟಿತು.

* * *

ಆ ದಿನ ಬಂದೇ ಬಂತು.

ಆಫೀಸಿನ ಉದ್ದನೆಯ ಮೇಜಿನ ಸುತ್ತ ಹೊರಗಿನಿಂದ ಬಂದ ದೊಡ್ಡವರು. ಪ್ಲೇಯರ್ ಮಾರುಕಟ್ಟೆಗೆ ಬರಲು ಅವರ ಒಪ್ಪಿಗೆ ಬೇಕಿತ್ತು. ಬಾಸ್ ಅವಳ ಕಡೆ ತಿರುಗಿ, "ಇಷ್ಟು ತಡ ಯಾಕಾಯ್ತು ಅಂತ ಕೇಳ್ತಿದ್ದಾರೆ, ಹೇಳಮ್ಮ" ಅಂದರು.

ಎಲ್ಲರ ಕಣ್ಣೂ ಅವಳ ಮೇಲೆ. ಮಾತಿನಲ್ಲಿ ಹೇಳುವುದಕ್ಕಿಂತ ಕೇಳಿಸಿಬಿಡೋಣ ಎಂದು, ಪಾರ್ಕಿನಲ್ಲಿ ತುಂಬಿಕೊಂಡಿದ್ದನ್ನು ಸ್ಪೀಕರಿಗೆ ಹಾಕಿದಳು.

ದೋಣಿಯವನು ಓಡಿದ, ಮುಗ್ಗರಿಸಿದ. ಓಡಿದ, ಮುಗ್ಗರಿಸಿದ.

ಮೇಜಿನ ಆ ತುದಿಯಲ್ಲಿ ಒಬ್ಬರು ಕಿಸಕ್ಕೆಂದರು. "ಏನ್ರೀ ಇದು! ಕುಡ್ಕೊಂಡು ದೋಣಿ ಹತ್ತಿದ್ದಾನಾ?"

ಗೊಳ್ಳೆಂದು ನಗು. ಬಾಸ್ ಕೂಡ ನಕ್ಕರು. ಬೆಳಿಗ್ಗೆಯಿಂದ ಬಿಗಿದುಕೊಂಡಿದ್ದ ಮುಖಗಳೆಲ್ಲ ಸಡಿಲವಾದವು. ಅವಳಿಗೂ ಜೀವ ಬಂದಂತಾಯಿತು. ಎಲ್ಲರೂ ತನ್ನ ಕಡೆ ನಗುತ್ತಾ ನೋಡುತ್ತಿದ್ದಾರೆ, ತನ್ನನ್ನು ನೋಡಿ ನಗುತ್ತಿಲ್ಲ... ಆ ಸುಖಕ್ಕೆ ಅವಳ ನಾಲಿಗೆ ಜಾರಿಯೇಬಿಟ್ಟಿತು.

"ನಮ್ಮ ಡಾಕ್ಟ್ರ ಕಾಲಿಗೆ ಹಾಡು ಕಟ್ಟಿದ್ರೆ ಹೀಗೇ ಸಾರ್! ದೋಣಿನೂ ಕುಂಟುತ್ತೆ!"

ಹೇಳಿ, ತಾನೂ ನಕ್ಕಳು. ಜೋರಾಗಿಯೇ ನಕ್ಕಳು.

ಬಾಗಿಲಲ್ಲಿ ಯಾರೋ ನಿಂತಂತಾಯಿತು.

ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ. ನೀಟಾಗಿ ಬಾಚಿದ ತಲೆ. ಪ್ಲೇಯರ್ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಲಿ ಎಂದು ಬಾಸ್ ಅವನನ್ನೇ ಕರೆಸಿದ್ದರು. ಅದು ಅವಳಿಗೆ ಗೊತ್ತಿರಲಿಲ್ಲ.

ಅವಳ ನಗು ಗಂಟಲಲ್ಲೇ ಸತ್ತುಹೋಯಿತು.

ಸ್ಪೀಕರಿನಲ್ಲಿ ಹಾಡು ಇನ್ನೂ ತೊದಲುತ್ತಲೇ ಇತ್ತು. ಅವನು ಅದನ್ನು ಪೂರ್ತಿ ಕೇಳಿಸಿಕೊಂಡ.

"ಇದು... ನನ್ನ ಕಾಲಾ?"

ಅವಳು ಎದ್ದು ನಿಂತಳು.

ಅವನು ಸೊಂಟದಿಂದ ಪ್ಲೇಯರ್ ಬಿಚ್ಚಿ, ತಂತಿಯನ್ನು ಜೋಪಾನವಾಗಿ ಸುತ್ತಿ, ಮೇಜಿನ ಅಂಚಿನಲ್ಲಿಟ್ಟ. "ಬರ್ತೀನಿ ಮೇಡಂ."

ತಿರುಗಿ ಹೋದ. ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ಅವನ ಹೆಜ್ಜೆಯ ಸದ್ದು. ಒಂದು ಉದ್ದ, ಒಂದು ಗಿಡ್ಡ. ಒಂದು ಉದ್ದ, ಒಂದು ಗಿಡ್ಡ. ಸ್ಪೀಕರಿನಲ್ಲಿ ಕೇಳಿದ್ದೇ ಈಗ ನೆಲದ ಮೇಲೆ ಕೇಳುತ್ತಿತ್ತು. ಅದು ಪೂರ್ತಿ ದೂರವಾಗುವವರೆಗೂ ಆ ಕೋಣೆಯಲ್ಲಿ ಒಬ್ಬರೂ ಮುಖ ಎತ್ತಲಿಲ್ಲ.

* * *

ಮನೆಗೆ ಬಂದವಳು ಮುಖ ತೊಳೆದಳು. ಮತ್ತೆ ತೊಳೆದಳು. ಕನ್ನಡಿ ನೋಡಲು ಆಗಲಿಲ್ಲ.

'ಅವತ್ತು ಪೀಪಿ ಊದಿದ್ದು ಮೇಷ್ಟ್ರು. ಇವತ್ತು ಊದಿದ್ದು ನಾನು. ಅದೂ ಯಾರ ಮುಂದೆ ಆ ಕಥೆ ಹೇಳಿ ಅತ್ತಿದ್ದೆನೋ, ಅವರ ಮೇಲೇ! ಥೂ... ನಾಚಿಕೆ ಆಗ್ಬೇಕು ನನಗೆ!'

ಆಗುತ್ತಿತ್ತು. ನಾಚಿಕೆ ಎಂದರೆ ಮೈಗೆ ಅಂಟಿಕೊಂಡ ನಾಚಿಕೆ. ಊಟಕ್ಕೆ ಕೂತರೆ ತುತ್ತು ಇಳಿಯದು. ಯಾರಾದರೂ ನಕ್ಕರೆ ಬೆಚ್ಚುವಳು. ಅವನಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮೆಸೇಜ್ ಬರೆದು ಬರೆದು ಅಳಿಸಿದಳು. 'ಕ್ಷಮಿಸಿ' ಅನ್ನುವುದು ಎಷ್ಟು ಚಿಕ್ಕದಾಗಿ ಕಾಣುತ್ತಿತ್ತು ಗೊತ್ತಾ...

ಅತ್ತ ಬಾಸ್ ಬೇರೆ. "ಆ ತೊದಲೋ ಹಾಡು ಅವರಿಗೆಲ್ಲ ಸಖತ್ ಇಷ್ಟ ಆಗಿದೆಯಮ್ಮ! ಜಾಹೀರಾತಿಗೆ ಹಾಕೋಣ. ಬೇರೆ ಪ್ಲೇಯರ್ ಹೀಗೆ, ನಮ್ಮದು ಹಾಗೆ ಅಂತ. ಜನ ನಗ್ತಾರೆ, ನೆನಪಿಟ್ಕೋತಾರೆ."

"ಹಾಕಿದ್ರೆ ನಾನು ಈಗಲೇ ಕೆಲಸ ಬಿಡ್ತೀನಿ," ಅಂದಳು.

"ಅರೆ! ಅವತ್ತು ನೀನೇ ತಾನೆ ನಕ್ಕಿದ್ದು?"

ಅವಳು ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. "ಹೌದು ಸಾರ್. ನಾನೇ ನಕ್ಕಿದ್ದು. ಅದಕ್ಕೇ ಬೇಡ ಅಂತಿದ್ದೀನಿ," ಎಂದಷ್ಟೇ ಹೇಳಿದಳು. ಬಾಸ್ ಅವಳ ಮುಖ ನೋಡಿ ಜಾಹೀರಾತಿನ ಮಾತು ಬಿಟ್ಟರು.

ಕೊನೆಗೆ ಧೈರ್ಯ ಮಾಡಿ ಅವನ ಕ್ಲಿನಿಕ್ಕಿಗೇ ಹೋದಳು. ಚೀಟಿ ಕೊಡುವ ಕಿಟಕಿಯಲ್ಲಿ ಅವನ ಅಕ್ಕ ಕೂತಿದ್ದಳು. ಒಂದು ಬುಟ್ಟಿಯಲ್ಲಿ ಬೆಕ್ಕು ಇಟ್ಟುಕೊಂಡ ಹೆಂಗಸೊಬ್ಬಳು ಸರದಿಗಾಗಿ ಕಾಯುತ್ತಿದ್ದಳು.

"ಡಾಕ್ಟ್ರನ್ನ ನೋಡ್ಬೇಕಿತ್ತು..."

"ಯಾವ ಪ್ರಾಣಿ?" ಎಂದು ಅಕ್ಕ ತಲೆ ಎತ್ತದೆ ಕೇಳಿದಳು.

"ಪ್ರಾಣಿ ಇಲ್ಲ. ನಾನೇ... ಮ್ಯೂಸಿಕ್ ಪ್ಲೇಯರ್..."

ಅಕ್ಕ ತಲೆ ಎತ್ತಿದಳು. ಅವಳನ್ನು ಕಾಲಿಂದ ತಲೆಯವರೆಗೆ ನೋಡಿದಳು. "ಓಹೋ! ನೀನೇನಾ ಆ ಹಾಡಿನ ಹುಡುಗಿ? ಬಾ ತಾಯಿ, ಬಾ. ಇನ್ನೂ ನಗೋದು ಬಾಕಿ ಇದೆಯಾ?"

"ಅಕ್ಕಾ, ಹಾಗಲ್ಲ..."

"ಅಕ್ಕ ಗಿಕ್ಕ ಅನ್ಬೇಡ! ನನ್ನ ತಮ್ಮ ಬೆಳಿಗ್ಗೆ ಎದ್ದು ಪಾರ್ಕಿಗೆ ಹೋಗೋಕೆ ಸೆಂಟ್ ಹಾಕ್ಕೋತಿದ್ದ ಕಣೇ! ಬೆವರೋಕೆ ಹೋಗೋನಿಗೆ ಸೆಂಟು! ನಾನು ರೇಗಿಸಿದ್ರೆ ಹುಡುಗನ ಥರ ನಾಚ್ಕೋತಿದ್ದ. ಈಗ? ಕ್ಲಿನಿಕ್ಕಿನ ಕುರ್ಚಿ ಬಿಟ್ರೆ ಮನೆ ಕುರ್ಚಿ. ನಡೆಯೋದು ಬಿಟ್ಟಿದ್ದಾನೆ. ಮಂಡಿ ಮರದ ತುಂಡಾಗ್ತಿದೆ. ಹೀಗೇ ಬಿಟ್ರೆ ಇನ್ಯಾವತ್ತೂ ಮಡಚಲ್ವಂತೆ. ಯಾರಾದ್ರೂ ನೋಡ್ತಾರೆ ಅಂತ ಬೀದಿಗೆ ಕಾಲಿಡಲ್ಲ ಅಂತಾನೆ. ಎಷ್ಟು ಕಷ್ಟಪಟ್ಟು ಅವನನ್ನ ಹೊರಗೆ ಕಳಿಸಿದ್ದೆ ನಾನು..."

ಅಕ್ಕನ ದನಿ ಒಡೆಯಿತು. ಅವಳು ತಲೆ ತಗ್ಗಿಸಿ ನಿಂತಳು. ಒಳಗಿನ ಬಾಗಿಲು ಅರ್ಧ ತೆರೆದಿತ್ತು. ಅವನಿಗೆ ಎಲ್ಲ ಕೇಳಿಸುತ್ತಿದೆ ಎಂದು ಅವಳಿಗೆ ಗೊತ್ತಿತ್ತು.

"ಡಾಕ್ಟ್ರೇ..." ಎಂದಳು ಬಾಗಿಲ ಕಡೆಗೆ. "ಒಂದು ಸಲ..."

ಒಳಗೆ ಕುರ್ಚಿ ಸರಿದ ಸದ್ದು.

"ಅಕ್ಕಾ, ಬೆಕ್ಕನ್ನ ಕಳಿಸು," ಅಂದ ಅವನು.

* * *

ಮರುದಿನ ಬೆಳಿಗ್ಗೆ ಅವಳ ಅಮ್ಮ ಕೋಣೆಗೆ ಬಂದು ನೋಡಿದರೆ, ಮಗಳು ಮಂಚದ ಮೇಲೆ ಕೂತು ಎಡಗಾಲಿಗೆ ಎರಡು ಮರದ ಅಡಿಪಟ್ಟಿ ಇಟ್ಟು ದುಪಟ್ಟಾದಲ್ಲಿ ಬಿಗಿದು ಕಟ್ಟುತ್ತಿದ್ದಳು.

"ಪುಟ್ಟೀ! ಇದೇನೇ ನಿನ್ನ ಅವತಾರ? ಕಾಲು ಮುರಿದುಕೊಂಡ್ಯಾ?"

"ಇಲ್ಲಮ್ಮ. ಮಂಡಿ ಮಡಚಬಾರದು, ಅದಕ್ಕೆ."

"ಚೆನ್ನಾಗಿರೋ ಕಾಲಿಗೆ ಕಟ್ಟು ಹಾಕೋ ಮಗಳನ್ನ ನಾನೊಬ್ಬಳೇ ಹೆತ್ತಿರಬೇಕು. ಏನಾಯ್ತೇ?"

ಹೇಳಿದಳು. ಎಲ್ಲವನ್ನೂ ಹೇಳಿದಳು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಸುಮ್ಮನೆ ಬಗ್ಗಿ, ಸಡಿಲವಾಗಿದ್ದ ದುಪಟ್ಟಾದ ಗಂಟನ್ನು ಬಿಗಿದು, "ಬಿದ್ದೀಯ ಗಿದ್ದೀಯ, ಜೋಪಾನ" ಅಂದರು.

ಅದೇ ಪಾರ್ಕು. ಅವನು ಬಿಟ್ಟುಹೋದ ಪ್ಲೇಯರ್ ಅವಳ ಸೊಂಟದಲ್ಲಿ, ಹಾಡಿನ ವೇಗಕ್ಕೆ ಹಾಕಿದ್ದ ಕಟ್ಟನ್ನು ಬಿಚ್ಚಿದ್ದಳು. ಮೊದಲ ಹೆಜ್ಜೆಗೇ ಎದುರಿಗೆ ಬರುತ್ತಿದ್ದವರು ಅವಳ ಕಾಲು ನೋಡಿ, ಮುಖ ನೋಡಿ, ಥಟ್ಟನೆ ಬೇರೆ ಕಡೆ ತಿರುಗಿದರು. ಒಬ್ಬರು ಅಜ್ಜ ಬೆಂಚಿನಿಂದ ಎದ್ದು, "ಕೂತ್ಕೋಮ್ಮ, ಪಾಪ, ಇಷ್ಟು ಚಿಕ್ಕ ವಯಸ್ಸಿಗೆ" ಅಂದರು. ಅವಳಿಗೆ ಕಾಲು ಕಿತ್ತು ಓಡಿಹೋಗಬೇಕು ಅನಿಸಿತು. ಓಡಲು ಆ ಕಾಲು ಮಡಚಬೇಕಲ್ಲ!

'ಇದನ್ನ ಅವರು ದಿನಾ ಸಹಿಸ್ತಿದ್ರು. ನನ್ನ ಪಕ್ಕ ನಡೀತಾ, ಜೋಕ್ ಹೇಳ್ತಾ...'

ಕಣ್ಣೀರು ಸುರಿಯಿತು. ಒರೆಸಿಕೊಳ್ಳುತ್ತಾ ನಡೆದಳು. ಇಯರ್‌ಫೋನಿನಲ್ಲಿ ಹಾಡು ತೊದಲುತ್ತಿತ್ತು. ತಡೆಯಲಾರದೆ ಕಿವಿಯಿಂದ ಕಿತ್ತಳು.

ಆಗ ಕೇಳಿಸಿತು. ಹಾಡಿಲ್ಲದ ಬರೀ ಹೆಜ್ಜೆ.

ಧಪ್... ತಕ್. ಧಪ್... ತಕ್. ಧಪ್... ತಕ್.

ಅವಳು ಗಕ್ಕನೆ ನಿಂತಳು. ಮತ್ತೆ ನಡೆದಳು. ಒಂದೊಂದೇ ಹೆಜ್ಜೆ ಕೇಳಿದರೆ ಅಡ್ಡಾದಿಡ್ಡಿ. ಎರಡನ್ನೂ ಸೇರಿಸಿ ಒಂದೇ ಅಂತ ಕೇಳಿದರೆ? ಧಪ್-ತಕ್... ಧಪ್-ತಕ್... ಎಷ್ಟು ಸಮ! ತೊಟ್ಟಿಲು ತೂಗಿದ ಹಾಗೆ!

"ಅಯ್ಯೋ ಪೆದ್ದಿ!" ಎಂದು ತನ್ನ ತಲೆಗೆ ತಾನೇ ಮೊಟಕಿಕೊಂಡಳು. ಮಷೀನು ಎರಡು ಕಾಲನ್ನೂ ಬೇರೆ ಬೇರೆ ಎಣಿಸಿ, ಇದು ಯಾಕೆ ಅದರ ಹಾಗಿಲ್ಲ ಎಂದು ಗೊಂದಲಕ್ಕೆ ಬೀಳುತ್ತಿತ್ತು. ಹಾಗೆ ಎಣಿಸಲು ಅದಕ್ಕೆ ಹೇಳಿಕೊಟ್ಟವಳು ಅವಳೇ. ಅವನ ನಡಿಗೆಯಲ್ಲಿ ತಾಳ ಮೊದಲಿಂದಲೂ ಇತ್ತು. ಅವಳ ಎಣಿಕೆಯೇ ತಪ್ಪಿತ್ತು!

ಕಾಲಿನ ಕಟ್ಟು ಬಿಚ್ಚಿ ಆಫೀಸಿಗೆ ಓಡಿದಳು. ಕೂತಳು. ಎರಡು ಹೆಜ್ಜೆಯ ಜೋಡಿಯನ್ನು ಒಂದು ಎಂದು ಎಣಿಸುವಂತೆ, ಜೋಡಿಯೊಳಗಿನ ಉದ್ದ-ಗಿಡ್ಡಕ್ಕೆ ಹಾಡು ಒಲಿದು ಬಾಗುವಂತೆ ತಿದ್ದಿದಳು. ಬೆಳಗಾದರೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಪಾರ್ಕಿಗೆ ಹೋಗುವಳು, ಕೇಳುವಳು, ಮತ್ತೆ ತಿದ್ದುವಳು. ಅಜ್ಜನಿಗೆ ಅವಳಿಗಾಗಿ ಜಾಗ ಬಿಡುವುದು ಅಭ್ಯಾಸವಾಯಿತು. ಅವನು ಕ್ಷಮಿಸುತ್ತಾನೆ ಎಂಬ ಆಸೆಯೇನೂ ಅವಳಿಗಿರಲಿಲ್ಲ. ಅವನು ಮತ್ತೆ ನಡೆದರೆ ಸಾಕಿತ್ತು.

ಕೊನೆಗೊಂದು ಬೆಳಿಗ್ಗೆ ಹಾಡು ತೊದಲಲಿಲ್ಲ. ಅವಳ ಕಟ್ಟಿದ ಕಾಲಿನ ಜೊತೆ ದೋಣಿಯವನು ಹಾಯಾಗಿ ತೇಲಿದ. ಅವಳು ಕಣ್ಣು ಮುಚ್ಚಿ ನಡೆಯುತ್ತಿದ್ದಳು.

"ನೋಡೋ! ಕಣ್ಣಾರೆ ನೋಡು! ನಾನು ಹೇಳಿದ್ರೆ ನಂಬಲಿಲ್ಲ ಅಲ್ವಾ?"

ಅಕ್ಕನ ದನಿ! ಅವಳು ಕಣ್ಣು ಬಿಟ್ಟಳು. ಪಾರ್ಕಿನ ಗೇಟಿನಲ್ಲಿ ಅಕ್ಕ, ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ತಮ್ಮನ ತೋಳು. ಅವನು ಎಡಗಾಲನ್ನು ಎಳೆಯುತ್ತಾ ಬಂದಿದ್ದ. ಎಷ್ಟು ಬಿಗಿದುಹೋಗಿತ್ತು ಆ ಕಾಲು...

"ದಿನಾ ಬಂದು ನಿನ್ನ ಥರ ನಡೀತಾಳೆ ಇವಳು! ಬೀದಿ ಜನರೆಲ್ಲ ನೋಡೋ ಹಾಗೆ ಅಣಕಿಸ್ತಾಳೆ! ಏನೇ, ನಿನಗೇನು ಅಂತಃಕರಣ ಅನ್ನೋದೇ ಇಲ್ವಾ?"

ನಡೆಯುತ್ತಿದ್ದವರೆಲ್ಲ ನಿಂತು ನೋಡಿದರು. ಅವನ ಮುಖ ಬಿಳುಪೇರಿತ್ತು. ಅವನು ಅವಳ ಕಾಲನ್ನೇ ನೋಡುತ್ತಿದ್ದ.

'ಅಯ್ಯೋ ದೇವರೇ. ಇದೂ ಹೀಗೇ ಕಾಣಿಸ್ತಿತ್ತಾ?'

ಅವಳು ಅವನತ್ತ ಬರಲು ಹೋಗಿ ಕಟ್ಟಿದ ಕಾಲಿನಲ್ಲಿ ಎಡವಿ ಧೊಪ್ಪೆಂದು ಬಿದ್ದಳು. ಅಂಗೈ ತರಚಿತು. ಏಳಲು ಹೋಗಲಿಲ್ಲ. ಅಲ್ಲೇ ಕೂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅಣಕಿಸಿದ್ದೆ. ಅವತ್ತು, ಆಫೀಸಲ್ಲಿ. ಅದಕ್ಕೆ ಯಾವ ಸಬೂಬೂ ಇಲ್ಲ ನನ್ನ ಹತ್ರ. ಎಲ್ಲರೂ ನಕ್ಕರು, ನನಗೆ ಖುಷಿಯಾಯ್ತು, ನಾನೂ ನಕ್ಕೆ. ಇವತ್ತು ಮಾತ್ರ ಅಣಕಿಸ್ತಿಲ್ಲ ಡಾಕ್ಟ್ರೇ. ನಿಮ್ಮ ನಡಿಗೆ ಕಲೀತಿದ್ದೆ. ಮೊದಲೇ ಕಲೀಬೇಕಿತ್ತು. ಗೆರೆ ನೋಡ್ತಾ ಕೂತ್ಬಿಟ್ಟೆ."

ಅವನು ಒಂದೊಂದೇ ಹೆಜ್ಜೆ ಇಟ್ಟು ಹತ್ತಿರ ಬಂದ. ಬಗ್ಗಲು ಆಗದೆ ಕೈ ಚಾಚಿದ. ಅವಳು ಆ ಕೈ ಹಿಡಿಯಲಿಲ್ಲ. ಮೊದಲು ಸೊಂಟದ ಪ್ಲೇಯರ್ ಬಿಚ್ಚಿ ಅದರಲ್ಲಿಟ್ಟಳು.

"ಇನ್ನೊಂದು ಸುಳ್ಳಿದೆ. ಇಷ್ಟು ದಿನ ಇದು ನಿಮ್ಮ ಕಾಲಿಗೆ ಹಾಡ್ತಿರಲಿಲ್ಲ. ನಾನು ಸುಮ್ಮನೆ ಒಂದೇ ಸಮ ಓಡಿಸ್ತಿದ್ದೆ. ನಿಮಗೆ ಬೇಜಾರಾಗುತ್ತೆ ಅಂತ..."

"ಗೊತ್ತಿತ್ತು," ಅಂದ ಅವನು.

"ಏನು?"

"ಲೇಸ್ ಕಟ್ಕೊಳ್ಳೋಕೆ ಕೂತ್ರೂ ಹಾಡು ನಿಲ್ಲಲಿಲ್ವಲ್ಲ ಮೇಡಂ. ನಾನು ದನದ ಡಾಕ್ಟ್ರು ನಿಜ, ದನ ಅಲ್ಲ."

"ಮತ್ತೆ... ಮತ್ತೆ ಯಾಕೆ ಕೇಳಲಿಲ್ಲ?"

ಅವನ ಕಿವಿ ಕೆಂಪಾಯಿತು. "ಕೇಳಿದ್ರೆ ನೀವು ಮಷೀನು ವಾಪಸ್ ತಗೊಂಡು ಹೋಗ್ತಿದ್ರಿ. ಮಾರನೇ ದಿನದಿಂದ ಪಾರ್ಕಿಗೆ ಬರ್ತಿರಲಿಲ್ಲ. ನನಗೂ ನಾಚಿಕೆ ಆಗ್ತಿತ್ತು, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಡೀತಿದ್ದೀನಲ್ಲ ಅಂತ. ಆ ಸುಳ್ಳಿಗೆ ನನಗೆ ಸಿಟ್ಟಿಲ್ಲ."

ಕೈಯಲ್ಲಿದ್ದ ಪ್ಲೇಯರನ್ನು ನೋಡುತ್ತಾ ಹೇಳಿದ. "ನಿಮ್ಮ ನಗು ಅಂದ್ರೆ ನನಗೆ ತುಂಬಾ ಇಷ್ಟ. ಮೊದಲ ದಿನದಿಂದ. ಅವತ್ತು ಎಲ್ಲರೂ ನಕ್ಕರು, ಅದು ತಾಗಲಿಲ್ಲ. ಆ ಗುಂಪಲ್ಲಿ ನಿಮ್ಮ ನಗು ಕೇಳಿಸ್ತು ನೋಡಿ... ಅದೇ ತಡೆಯೋಕಾಗ್ಲಿಲ್ಲ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಚೀಲ ಕೆಳಗಿಟ್ಟು, ಅವಳನ್ನು ಎಬ್ಬಿಸಿ ಮೈಮೇಲಿನ ಮಣ್ಣು ಕೊಡವಿದಳು. "ಸಾಕು ಬಿಡೇ, ಅತ್ತಿದ್ದು. ಆ ಕಾಲು ಬಿಚ್ಚು ಮೊದಲು. ನಾನೂ ಒಂದು ತೂಕ ಜಾಸ್ತಿನೇ ಬೈದೆ," ಎಂದು ಗೊಣಗಿ, ತರಕಾರಿ ಬಾಡುತ್ತೆ ಎಂಬ ನೆಪ ಹೇಳಿ ಹೊರಟುಹೋದಳು.

ಅವನು ಪ್ಲೇಯರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಒಂದು ಇಯರ್‌ಫೋನ್ ತನ್ನ ಕಿವಿಗೆ ಹಾಕಿಕೊಂಡು ಇನ್ನೊಂದನ್ನು ಅವಳತ್ತ ಚಾಚಿದ.

"ತಗೊಳ್ಳಿ. ಈ ಸಲ ನಿಜಾನಾ, ಪರೀಕ್ಷೆ ಮಾಡೋಣ."

ಅವನು ನಡೆದ. ಬಿಗಿದ ಕಾಲು ನೋಯುತ್ತಿತ್ತು, ಹಲ್ಲು ಕಚ್ಚಿಕೊಂಡ. ಧಪ್... ತಕ್. ಧಪ್... ತಕ್. ದೋಣಿಯವನು ಅದೇ ತಾಳಕ್ಕೆ ಹುಟ್ಟು ಹಾಕಿದ. ಅವನು ನಿಂತ. ಹಾಡು ನಿಂತಿತು. ಅವನು ಅರ್ಧ ಹೆಜ್ಜೆ ಇಟ್ಟು ತಡೆದ. ಹಾಡೂ ತಡೆದು ಕಾಯಿತು.

ಅವನ ಕಣ್ಣು ತುಂಬಿಕೊಂಡಿತು. "ಇದು... ನಾನಾ?"

"ನೀವೇ."

"ಸ್ವಲ್ಪ ಕುಣಿದ ಹಾಗಿದೆಯಲ್ರೀ!"

"ಮೊದಲ ದಿನ ನಾನೂ ಹಾಗೇ ಅಂದ್ಕೊಂಡಿದ್ದೆ. ಕುಣೀತಿದ್ದಾನೆ ಅಂತ."

ಅವನು ಜೋರಾಗಿ ನಕ್ಕ. ಅವಳು ನಗಲಿಲ್ಲ. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

"ಯಾಕೆ, ನಗಲ್ವಾ?"

"ಹೆದರಿಕೆ ಆಗುತ್ತೆ. ನಿಮ್ಮ ಎದುರಿಗೆ ಇನ್ನು ಯಾವತ್ತೂ..."

"ಎದುರಿಗೆ ಬೇಡ," ಎಂದು ಅವನು ಅವಳ ತರಚಿದ ಅಂಗೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ. "ಪಕ್ಕದಲ್ಲಿ ನಡೀತಾ ನಗಿ. ದಿನಾ. ನಾನು ಮುದುಕ ಆಗಿ ಎರಡೂ ಕಾಲು ಕುಂಟೋವರೆಗೆ. ಆಗುತ್ತಾ?"

ಅವಳು ಹೂಂ ಎಂದು ತಲೆಯಾಡಿಸಿದಳು.

ಇಬ್ಬರೂ ಹೊರಟರು. ನಾಲ್ಕು ಹೆಜ್ಜೆ ಹೋಗಿರಬೇಕು, ಹಾಡು ಇದ್ದಕ್ಕಿದ್ದಂತೆ ತಡವರಿಸಿತು. ಅವನು ಗಾಬರಿಯಾಗಿ ಕೆಳಗೆ ನೋಡಿದ.

"ಏನಾಯ್ತು? ಮತ್ತೆ ನನ್ನ ಕಾಲಾ?"

"ಅಲ್ಲ..." ಎಂದಳು ಅವಳು, ನಾಚಿಕೊಂಡು. "ನಾನು ನಿಮ್ಮ ಕೈ ಎಳೀತಿದ್ದೀನಿ. ಅವಸರ ಮಾಡ್ಬಿಟ್ಟೆ."

"ಸರಿಯಾಗಿ ನಡೀರಿ ಮೇಡಂ!" ಅಂದ ಅವನು. "ಆಟ ಆಡ್ಬೇಡಿ!"

ಆಗ ಅವಳು ನಕ್ಕಳು.